ಕ ಖ ಗ ಘ ಙ ಥಾಯ್ಲೆಂಡಿಗೆ ಹೋದ ಕಥೆ



ಜೆರಾರ್ಡ್ ಇಂಡಿಯಾ ಬಜಾರ್ ನಿಮಗೆ ಗೊತ್ತಿರುವ ಜಾಗವೇ. 1972ರಲ್ಲಿ ಅಲ್ಲಿನ ಹಳೆಯ ಈಸ್ಟ್‌ವುಡ್ ಚಿತ್ರಮಂದಿರ 'ನಾಜ್' ಆಗಿ ಹಿಂದಿ ಸಿನಿಮಾ ತೋರಿಸತೊಡಗಿತು. ನೋಡಲು ಬಂದವರಿಗಾಗಿ ಅಂಗಡಿ, ಹೋಟೆಲುಗಳು ಹುಟ್ಟಿಕೊಂಡವು. ಜನ ಹೋದಲ್ಲಿಗೆ ಮಾತೂ ಹೋಗುತ್ತದೆ. ಇವತ್ತು ಹೇಳುವುದು ಅದಕ್ಕಿಂತ ತುಂಬಾ ಹಳೆಯ ಪಯಣದ ಕಥೆ.

ನೀವು ವಿಶ್ವವಿದ್ಯಾಲಯದಲ್ಲಿ ಥಾಯ್ ಭಾಷೆ ಕಲಿಯಲು ಹೊರಟಿರಿ ಅಂದುಕೊಳ್ಳಿ. ಎದುರಿಗೆ 44 ವ್ಯಂಜನಗಳು, ಐದು ಸ್ವರದ ಏರಿಳಿತಗಳು. ಆದರೆ ಪಟ್ಟಿ ಶುರುವಾಗುವುದು ಎಲ್ಲಿಂದ? ಕ, ಖ ಇಂದಲೇ!

ಪಲ್ಲವರ ಕಾಲದ ದಕ್ಷಿಣ ಭಾರತದ ಲಿಪಿ ಕಡಲು ದಾಟಿ ಖ್ಮೇರರ ನಾಡು ಸೇರಿತು. ಖ್ಮೇರ್ ಲಿಪಿಯಿಂದ ಥಾಯ್ ಲಿಪಿ ಬಂತು. ದೊರೆ ರಾಮ್‌ಖಮ್‌ಹೇಂಗನ ಶಾಸನದ ಮೇಲಿರುವ ಕಾಲ 1292. ಆ ಶಾಸನ ನಿಜಕ್ಕೂ ಅಷ್ಟು ಹಳೆಯದೇ ಎಂಬ ವಾದವಿದೆ. ಲಿಪಿಯ ಮೂಲ ಭಾರತದ್ದು ಎಂಬುದರಲ್ಲಿ ವಾದವಿಲ್ಲ. ನಮ್ಮ ಕನ್ನಡ ಲಿಪಿ ಕದಂಬರ ಲಿಪಿಯಿಂದ ಬೆಳೆದದ್ದು. ಎರಡಕ್ಕೂ ಅಜ್ಜಿ ಒಬ್ಬಳೇ, ಬ್ರಾಹ್ಮಿ.

ಸಂಸ್ಕೃತ, ಪಾಳಿ ಪದಗಳೂ ಜೊತೆಗೆ ಹೋದವು. ಥಾಯ್‌ನಲ್ಲಿ ಗುರು 'ಖ್ರೂ', ಭಾಷೆ 'ಫಾಸಾ', ವಿಶ್ವವಿದ್ಯಾಲಯ 'ಮಹಾವಿತ್ಥಯಾಲೈ'. ನೀವು ಈಗ ಕೇಳುತ್ತಿರುವ ರೇಡಿಯೋಗೆ ಅವರು 'ವಿತ್ಥಯು' ಅನ್ನುತ್ತಾರೆ. ಅದು ನಮ್ಮ 'ವಿದ್ಯುತ್'!

ಗ 'ಖ' ಆದದ್ದು, ದ 'ಥ' ಆದದ್ದು ಉಚ್ಚಾರದ ತಪ್ಪಲ್ಲ. ಕಾಲ ಕಳೆದಂತೆ ಥಾಯ್‌ನಲ್ಲಿ ಆ ಹಳೆಯ ಸದ್ದುಗಳು ಮಾಯವಾದವು, ಬರಹದಲ್ಲಿ ಮಾತ್ರ ಅಕ್ಷರ ಉಳಿಯಿತು. ಕಳೆದುಹೋದ ವ್ಯತ್ಯಾಸವನ್ನು ಸ್ವರದ ಏರಿಳಿತ ಹೊತ್ತುಕೊಂಡಿತು. ಅದಕ್ಕೇ ಅಲ್ಲಿ ವ್ಯಂಜನಗಳಿಗೆ ಮಧ್ಯ, ಉಚ್ಚ, ನೀಚ ಎಂಬ ಮೂರು ಗುಂಪು. ಯಾವ ಅಕ್ಷರ ಯಾವ ಗುಂಪು ಎಂದು ಬಾಯಿಪಾಠ ಮಾಡುವುದರಲ್ಲಿ ವಿದ್ಯಾರ್ಥಿಗಳು ಸುಸ್ತಾಗುತ್ತಾರೆ.

ನಿಮಗೆ ಆ ಕಷ್ಟ ಅರ್ಧ ಕಡಿಮೆ. ಕ, ಚ, ಟ, ತ, ಪ ಎಂಬ ಐದು ವರ್ಗಗಳನ್ನು ನೆನಪಿಸಿಕೊಳ್ಳಿ. ಪ್ರತಿ ಸಾಲಿನ ಮೊದಲ ಅಕ್ಷರ ಮಧ್ಯ, ಎರಡನೆಯದು ಉಚ್ಚ, ಉಳಿದ ಮೂರು ನೀಚ. ಥಾಯ್ ಜನ ತಾವೇ ಸೇರಿಸಿಕೊಂಡ ಕೆಲವು ಅಕ್ಷರಗಳನ್ನು ಬೇರೆಯಾಗಿ ಕಲಿತರಾಯಿತು.

ಆದರೆ ಒಂದು ಷರತ್ತು: ಆ 25 ಅಕ್ಷರ ನಿಮಗೆ ಮೊದಲು ಕನ್ನಡದಲ್ಲಿ ಬರಬೇಕು. ನಿಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತೀರಿ, ಅಜ್ಜಿ ಕಳಿಸಿದ ಸಂದೇಶವನ್ನು ಮಾತ್ರ ಅಮ್ಮನ ಕೈಯಲ್ಲಿ ಓದಿಸುತ್ತೀರಿ. ಕನ್ನಡದ ಅಕ್ಷರಮಾಲೆ ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲಿಕ್ಕಷ್ಟೇ ಅಂದುಕೊಳ್ಳಬೇಡಿ. ದೇವನಾಗರಿ, ಗುರುಮುಖಿ, ಖ್ಮೇರ್, ಥಾಯ್, ಎಲ್ಲದರ ಬಾಗಿಲಿಗೂ ಅದೇ ಬೀಗದ ಕೈ. ದಿನಕ್ಕೊಂದು ಸಾಲು ಕಲಿತರೆ ಐದು ದಿನದ ಕೆಲಸ. ಮೊದಲು ಅಜ್ಜಿಗೆ ಒಂದು ಸಾಲು ಬರೆಯಿರಿ. ಬ್ಯಾಂಕಾಕ್ ಆಮೇಲೆ.