ನೆಲದ ಮೇಲಿನ ಬರಹ

ಪುತ್ತೂರು, ಸುಳ್ಯ, ಕಡಬಗಳ ಕಡೆ ಅಂಗಳದಲ್ಲಿ ಕಂಡ ಕೆಂಪೆಲ್ಲ ನೆತ್ತರಲ್ಲ. ಜಗಲಿಯ ಕೆಳಗೆ ವೀಳ್ಯದ ಉಗುಳು. ಭೂತದ ಕೋಲ ಮುಗಿದ ಮರುದಿನ ಅರಸಿನ ಸುಣ್ಣ ಕದಡಿದ ಕುರ್ದಿನೀರಿನ ಗುರುತು, ಪಕ್ಕದಲ್ಲೇ ಬಲಿಯ ಕೋಳಿಯ ರಕ್ತ. ಎಲ್ಲದರ ಅಡಿಗೆ ಮುರಕಲ್ಲಿನ ಕೆಂಪು ಮಣ್ಣು. ಇಂಥ ನೆಲದಲ್ಲಿ ಕೊಲೆ ನಡೆದರೆ, ಕಲೆಯನ್ನು ತಪ್ಪಾಗಿ ಓದಿದವರಿಂದ ನಿರಪರಾಧಿಯ ಕೊರಳಿಗೆ ಹಗ್ಗ ಬೀಳಬಹುದು.

1956ರವರೆಗೆ ಈ ಸೀಮೆ ಮದರಾಸಿನ ಆಡಳಿತದಲ್ಲಿತ್ತು. ಅಲ್ಲಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ 1849ರಲ್ಲೇ ತೆರೆದಿತ್ತು. ಹಸಿಯಾಗಿದ್ದರೆ ಕೋಳಿಯ ರಕ್ತಕಣದ ಮೊಟ್ಟೆಯಾಕಾರವನ್ನು ಸೂಕ್ಷ್ಮದರ್ಶಕ ತೋರಿಸೀತು. ಒಣಗಿದ ಕಲೆ ಆಡಿನದೋ ಮನುಷ್ಯನದೋ ಎಂದು ಹೇಳುವ ಭರವಸೆಯ ವಿಧಾನ ದೊರೆತದ್ದು 1901ರಲ್ಲಿ, ಜರ್ಮನಿಯ ಪೌಲ್ ಉಹ್ಲೆನ್‌ಹೂತ್‌ನಿಂದ. 1910ರಲ್ಲಿ ಕಲ್ಕತ್ತೆಯಲ್ಲಿ ಅದಕ್ಕೆಂದೇ ಸರ್ಕಾರಿ ವಿಭಾಗವೊಂದು ಹುಟ್ಟಿತು.

ಬಟ್ಟೆ, ಕತ್ತಿಗಳನ್ನು ಹೀಗೆ ದೂರಕ್ಕೆ ಕಳುಹಿಸಬಹುದು. ನೆಲದ ಮೇಲಿನ ಆಕೃತಿಯನ್ನು ಕಳುಹಿಸಲಾಗದು. ನನ್ನ ಕುತೂಹಲವೆಲ್ಲ ಅದರ ಮೇಲೆಯೇ. ಆಕೃತಿಗೂ ಒಂದು ವ್ಯಾಕರಣವುಂಟೆಂದು 1895ರಲ್ಲಿ ಬರೆದವನು ಪೋಲೆಂಡಿನ ಎಡ್ವರ್ಡ್ ಪಿಯೋಟ್ರೋವ್‌ಸ್ಕಿ. ಮೊಲಗಳನ್ನು ಹೊಡೆದು, ಸಿಡಿದ ಹನಿಗಳನ್ನು ಅವನು ಅಭ್ಯಸಿಸಿದ. ಕ್ರೂರ ವಿದ್ಯೆಯೆಂಬುದರಲ್ಲಿ ಸಂಶಯವಿಲ್ಲ. ಹನಿಯ ಉದ್ದ ಅಗಲಗಳ ಲೆಕ್ಕವನ್ನು 1939ರಲ್ಲಿ ಮುಂದಿಟ್ಟವನು ಫ್ರಾನ್ಸಿನ ವಿಕ್ಟರ್ ಬಾಲ್ಥಜಾರ್. ಸಮನೆಲದ ಮೇಲೆ ನೇರ ಬಿದ್ದ ಹನಿ ದುಂಡಗಿರುತ್ತದೆ, ಓರೆಯಾಗಿ ಬಿದ್ದದ್ದು ನೀಳವಾಗುತ್ತದೆ. ಅಗಲ 5 ಮಿಲಿಮೀಟರ್, ಉದ್ದ 10 ಮಿಲಿಮೀಟರ್ ಇದ್ದರೆ ಅದು ಸುಮಾರು 30 ಡಿಗ್ರಿ ಕೋನದಲ್ಲಿ ಬಡಿದಿದೆ. ಕಲೆಯ ಬಾಲ ಹನಿ ಸಾಗಿದ ದಿಕ್ಕಿಗೆ ಚಾಚಿರುತ್ತದೆ. ಹಲವು ಹನಿಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ, ಏಟು ಬಿದ್ದಾಗ ಆ ಮನುಷ್ಯ ಎದುರು ನಿಂತಿದ್ದನೇ, ಆಗಲೇ ನೆಲಕ್ಕೆ ಬಿದ್ದಿದ್ದನೇ ಎಂದು ಊಹಿಸಬಹುದು. ಆತ್ಮರಕ್ಷಣೆಗೂ ಕೊಲೆಗೂ ನಡುವಿನ ಅಂತರ ಕೆಲವೊಮ್ಮೆ ಅಷ್ಟೇ.

ಛಾಯಾಚಿತ್ರವಿಲ್ಲದ ಕಾಲದ ಹಳ್ಳಿಯಲ್ಲಿ ಆ ಆಕೃತಿ ಉಳಿಯಬೇಕಾದರೆ ಪಂಚರ ಸಮಕ್ಷಮದ ಮಹಜರಿನ ಮಾತಿನಲ್ಲೇ ಉಳಿಯಬೇಕಿತ್ತು. ರಕ್ತ ಬಿದ್ದಿತ್ತು ಎಂದಷ್ಟೇ ಬರೆದರೆ ಕಥೆ ಅಲ್ಲಿಗೆ ಮುಗಿಯಿತು. ಬಾಗಿಲ ದಾರಂದದ ಎಡಕ್ಕೆ, ನೆಲದಿಂದ ಮೊಳದೆತ್ತರದಲ್ಲಿ, ಬಾಲ ಮೇಲ್ಮುಖವಾಗಿ ಎಂದು ಬರೆದಿದ್ದರೆ ನ್ಯಾಯಾಧೀಶನಿಗೆ ಕಣ್ಣು ದೊರೆತಂತೆ. ಬರೆದವನಿಗೆ ಗದ್ಯ ಬರುತ್ತಿತ್ತೇ ಎಂಬುದೂ ನ್ಯಾಯದ ಪ್ರಶ್ನೆಯಾಗುತ್ತಿತ್ತು!

ಈ ಓದಿಗೂ ಮಿತಿಗಳಿವೆ. ಸಗಣಿ ಸಾರಿಸಿದ ನೆಲ ಹನಿಯನ್ನು ಹೀರುತ್ತದೆ, ಮುರಕಲ್ಲು ಅದರ ಅಂಚನ್ನು ಹರಿಯುತ್ತದೆ. ಈ ವಿದ್ಯೆಯ ಅನಿಶ್ಚಿತತೆ ಅಪಾರವೆಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ 2009ರಲ್ಲಿ ಎಚ್ಚರಿಸಿತು. ಈಗ ಮಂಗಳೂರಿನಲ್ಲಿಯೇ ವಿಧಿವಿಜ್ಞಾನದ ಪ್ರಯೋಗಾಲಯವಿದೆ. ಅಂಗಳದ ಆಕೃತಿಯನ್ನು ಮಾತ್ರ ಇಂದಿಗೂ ಅಂಗಳದಲ್ಲಿಯೇ ಅಳೆಯಬೇಕು, ಅದೂ ಆಷಾಢದ ಮಳೆ ಇಳಿಯುವ ಮೊದಲು.