ಬಂದಳಿಕೆಯನ್ನು ತೋರಿಸುವವರು

ನಮ್ಮ ಶಿರಾಳಕೊಪ್ಪದಲ್ಲಿ ಬಸ್ಸಿಳಿದು ಬಂದಳಿಕೆಗೆ ದಾರಿ ಕೇಳಿದರೆ ಒಂದು ಮರುಪ್ರಶ್ನೆ ಬರುತ್ತದೆ: “ಬನಶಂಕರಮ್ಮನ ಗುಡಿಗೋ, ಪಾಳುಗುಡಿಗೋ?” ಅಮ್ಮನ ಗುಡಿಗೆ ಎಂದವರಿಗೆ ದಾರಿ ಹೇಳಿ ಕಳಿಸುತ್ತಾರೆ. ಪಾಳುಗುಡಿಗೆ ಎಂದವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ನಿಧಿಯ ಆಸೆಗೆ ಬಂದವರಲ್ಲ ಎಂದು ಖಾತ್ರಿಯಾದ ಮೇಲೆ, “ಮೇಷ್ಟ್ರಿದಾರೆ, ಅವರನ್ನ ಕೇಳಿ” ಎಂದು ನನ್ನ ಮನೆ ತೋರಿಸುತ್ತಾರೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು ಎಂಬುದೊಂದೇ ನನ್ನ ಅರ್ಹತೆ. ಆ ಊರನ್ನು ನನಗೆ ತೋರಿಸಿಕೊಟ್ಟವರು ಬೇರೆ.

ಇದೇ ಸೀಮೆಯ ಬಳ್ಳಿಗಾವಿಗೆ ತೋರಿಸುವವರು ಬೇಕಿಲ್ಲ. ಊರು ಇನ್ನೂ ಊರಾಗಿಯೇ ಇದೆ, ಕೇದಾರೇಶ್ವರ ರಸ್ತೆಯ ಮಗ್ಗುಲಲ್ಲೇ ಇದ್ದಾನೆ, ಅಲ್ಲಮಪ್ರಭುವಿನ ಹೆಸರು ಹೇಳದ ಮನೆಯಿಲ್ಲ. ತಾಳಗುಂದದ ಕಂಬದ ಶಾಸನವನ್ನು ಹೈಸ್ಕೂಲು ಮಕ್ಕಳೂ ಬಲ್ಲರು. ಬಂದಳಿಕೆ ಹಾಗಲ್ಲ. ಬನವಾಸಿ ಹನ್ನೆರಡು ಸಾವಿರದೊಳಗಿನ ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಇದು ರಾಜಧಾನಿಯಾಗಿತ್ತು. ಬಾಂಧವಪುರ ಎಂಬ ಹೆಸರೂ ಶಾಸನಗಳಲ್ಲಿದೆ. ಪಕ್ಕದ ಜಿಡ್ಡುಳಿಗೆ ಎಪ್ಪತ್ತಕ್ಕೆ ಉದ್ಧರೆ, ಅಂದರೆ ಸೊರಬದ ಕಡೆಯ ಇಂದಿನ ಉದ್ರಿ, ಹೇಗೆ ತಲೆಯೂರೋ ಹಾಗೆ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚುರಿಗಳು ಒಬ್ಬರಾದ ಮೇಲೊಬ್ಬರು ಈ ಸೀಮೆಯನ್ನು ಆಳಿ ಹೋದರು. ಊರು ಖಾಲಿಯಾಯಿತು, ಕಾಡು ಒಳಗೆ ಬಂತು. ಉಳಿದದ್ದು ಶಾಂತಿನಾಥ ಬಸದಿ, ಸೋಮೇಶ್ವರ, ತ್ರಿಮೂರ್ತಿ ನಾರಾಯಣ, ಇನ್ನಷ್ಟು ಬಿದ್ದ ಗುಡಿಗಳು, ಮತ್ತೆ ಕಲ್ಲುಗಳು.

ನನಗೆ ಮೊದಲು ದಾರಿ ತೋರಿದವರು ದನ ಕಾಯುವ ಒಬ್ಬ ಹಿರಿಯರು. ಕೈಯಲ್ಲಿದ್ದ ಶಾಸನ ಸಂಪುಟದ ಕಡೆಗೆ ಅವರು ಕಣ್ಣೂ ಹಾಯಿಸಲಿಲ್ಲ. ಅವರಿಗೆ ತ್ರಿಮೂರ್ತಿ ನಾರಾಯಣ “ಮೂರ್ಗುಡಿ”. ಮೂರು ಗರ್ಭಗುಡಿಗಳು ಒಂದೇ ಮಂಟಪಕ್ಕೆ ತೆರೆದುಕೊಳ್ಳುತ್ತವೆ, ಹೆಸರಿಗೇನೂ ಮೋಸವಿಲ್ಲ. ಸೋಮೇಶ್ವರದ ಬಾಗಿಲಿನ ಎರಡು ಪಕ್ಕಕ್ಕೆ ರಾಮಾಯಣ, ಭಾರತದ ಪ್ರಸಂಗಗಳನ್ನು ಕೊರೆದ ಜಾಲಂಧ್ರಗಳಿವೆ. ಬೆಳಕಿಗೆ ದಾರಿ ಬಿಟ್ಟು ಕತೆಯನ್ನು ಉಳಿಸಿಕೊಂಡ ಕೆಲಸ ಅದು, ಈ ಸೀಮೆಯಲ್ಲಿ ಅದಕ್ಕೆ ಸಾಟಿ ನಾನು ಕಂಡಿಲ್ಲ. ಯಜಮಾನರು ಬಯಲಾಟ ನೋಡಿ ಬೆಳೆದವರು. ಒಂದೊಂದು ಸಾಲಿಗೂ ಬೆರಳಿಟ್ಟು ಪಾತ್ರಗಳ ಹೆಸರು ಹೇಳಿದರು. ಎರಡು ಕಡೆ ನನಗೆ ಒಪ್ಪಿಗೆಯಾಗಲಿಲ್ಲ, ಬಾಯಿಬಿಟ್ಟೆ. “ನೀವು ಆಟ ನೋಡಿಲ್ರೀ, ಪುಸ್ತಕ ನೋಡೀರಿ” ಅಂದರು.

ಅವರ ನಿಜವಾದ ಪಾಂಡಿತ್ಯ ಇದ್ದದ್ದು ವೀರಗಲ್ಲಿನ ಮುಂದೆ. ತುರುಗೋಳಿನಲ್ಲಿ, ಅಂದರೆ ದನ ಹೊಡೆದುಕೊಂಡು ಹೋಗುವ ಕಾಳಗದಲ್ಲಿ, ಸತ್ತವನಿಗೆ ನೆಟ್ಟ ಕಲ್ಲುಗಳು ಈ ಸೀಮೆಯಲ್ಲಿ ಹೇರಳ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತದ್ದು. ನಾವು ಓದಿದವರು ಮೇಲಿನ ಅಕ್ಷರಕ್ಕೆ ಹೋಗುತ್ತೇವೆ. ಅವರು ಮೊಣಕಾಲೂರಿ ಕೂತು ಕೆಳಪಟ್ಟಿಯ ದನಗಳನ್ನು ನೋಡುತ್ತಿದ್ದರು: ಕೊಂಬು ಯಾವ ಕಡೆ ತಿರುಗಿದೆ, ಕರು ತಾಯಿಯ ಹಿಂದಿದೆಯೋ ಮುಂದಿದೆಯೋ. “ಇವು ಹೊಡ್ಕೊಂಡು ಹೋಗೋ ದನ ಅಲ್ಲ, ಬಿಡಿಸ್ಕೊಂಡು ಬರೋ ದನ. ಮನೆ ದಾರಿ ಹಿಡಿದ ದನದ ನಡಿಗೆನೇ ಬೇರೆ.” ಅವರ ಮಾತು ಸರಿಯೆಂದು ಸಾಧಿಸುವ ದಾರಿ ನನಗೆ ತೋಚಲಿಲ್ಲ, ತಪ್ಪೆನ್ನುವ ಧೈರ್ಯವೂ ಬರಲಿಲ್ಲ.

ಎರಡನೆಯ ಮಾರ್ಗದರ್ಶಿಗಳು ಅಮ್ಮನ ಗುಡಿಗೆ ಬರುವ ಹೆಂಗಸರು. ಅವರಿಗೆ ಮಾಸ್ತಿಕಲ್ಲು, ಅಂದರೆ ಸತಿಹೋದವಳಿಗೆ ನೆಟ್ಟ ಕಲ್ಲು, ಕಂಡರೆ ಸಾಕು. ಬಳೆ ತೊಟ್ಟು ಮೇಲೆತ್ತಿದ ಆ ಕೈಗೆ ಕುಂಕುಮ ಹಚ್ಚದೆ ಮುಂದೆ ಹೋಗುವುದಿಲ್ಲ. ಯಾವ ಕಲ್ಲು ಎಲ್ಲಿದೆ, ಯಾವುದರ ಮೇಲೆ ಮಣ್ಣು ಏರಿದೆ ಎಂಬುದನ್ನು ಅವರಷ್ಟು ಕರಾರುವಾಕ್ಕಾಗಿ ಯಾರೂ ನನಗೆ ಹೇಳಿಲ್ಲ.

ಅವರಲ್ಲಿ ಒಬ್ಬರು ಕೇಳಿದ ಮಾತಿಗೆ ನಾನು ಜಕ್ಕಿಯಬ್ಬೆಯ ಕತೆ ಹೇಳಬೇಕಾಯಿತು. “ಗಂಡ ಸತ್ತ ಮೇಲೆ ಸುಟ್ಟುಕೊಂಡವರಿಗೇ ಕಲ್ಲಾ ಮೇಷ್ಟ್ರೇ? ಬದುಕಿದವರಿಗೆ ಇಲ್ವಾ?”

ಇದೆ, ಇಲ್ಲಿಯದೇ. ಹತ್ತನೆಯ ಶತಮಾನದ ಮೊದಲ ಭಾಗ. ರಾಷ್ಟ್ರಕೂಟ ಎರಡನೆಯ ಕೃಷ್ಣನ ಹೆಸರು ಹೇಳುವ ಶಾಸನ. ಬನವಾಸಿಯನ್ನು ಕಲಿವಿಟ್ಟರಸ ಆಳುತ್ತಿದ್ದ. ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಅಧಿಕಾರ ತಮ್ಮನಿಗೆ ಹೋಗಲಿಲ್ಲ, ಭಾವಮೈದುನನಿಗೆ ಹೋಗಲಿಲ್ಲ, ಹೆಂಡತಿ ಜಕ್ಕಿಯಬ್ಬೆಗೆ ಬಂತು. ನಾಳ್ಗಾವುಂಡಿಕೆ ಬರಿಯ ಗೌರವದ ಪೀಠವಲ್ಲ: ಎಪ್ಪತ್ತರ ನಾಡಿನ ತೆರಿಗೆ, ವ್ಯಾಜ್ಯ, ಕಾವಲು ಎಲ್ಲ ಅದರೊಳಗೆ. ಆಕೆ ಹೆಣ್ಣಾದರೂ ಆಳಿದಳು ಎಂಬ ಧಾಟಿಯಲ್ಲಿ ಶಾಸನಕವಿ ಹೊಗಳುತ್ತಾನೆ; ಆ ‘ಆದರೂ’ ನನಗೆ ಈಗಲೂ ಚುಚ್ಚುತ್ತದೆ, ಆದರೆ ಆಡಳಿತದ ಜಾಣ್ಮೆಯನ್ನೂ ಪರಾಕ್ರಮವನ್ನೂ ಅವನು ಮನಸಾರೆ ಹೇಳಿದ್ದಾನೆ. ಕೊನೆಗೆ ಕಾಯಿಲೆ ಬಿದ್ದಳು. ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಈಗ ನಿಂತಿರುವ ಶಾಂತಿನಾಥ ಬಸದಿಯ ರೂಪ ಅವಳ ಕಾಲಕ್ಕಿಂತ ಬಹಳ ಈಚಿನದು.

ಕೇಳಿದಾಕೆ ಗಂಡನಿಗೆ ಫೋನ್ ಮಾಡಿ, ಬಸ್ಸು ತಡವಾಗುತ್ತದೆ ಎಂದು ಹೇಳಿ, ಬಸದಿಯೊಳಗೆ ಹೋಗಿ ಬಂದರು.

ಈ ಶಾಸನವನ್ನು ನಾವು ಓದುವಂತಾದದ್ದು ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಿಂದ. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಏಳನೆಯ ಸಂಪುಟದಲ್ಲಿವೆ, 1902ರದ್ದು, ಸೊರಬದವು ಎಂಟನೆಯದರಲ್ಲಿ. ಒಟ್ಟು ಸಂಪುಟಗಳಲ್ಲಿ ಒಂಬತ್ತು ಸಾವಿರದ ಹತ್ತಿರ ಹತ್ತಿರ ಶಾಸನಗಳು. ರೈಸರ ದೊಡ್ಡತನದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾಡಿನ ನಡುವೆ ಮುರಿದು ಬಿದ್ದ ಕಲ್ಲು ಇಲ್ಲಿದೆ ಎಂದು ತೋರಿದವರು ಶಾನುಭೋಗರೋ ಪಟೇಲರೋ ತಳವಾರರೋ ದನಗಾಹಿಗಳೋ ಅಲ್ಲದೆ ಮತ್ತಾರು? ಅಂಥವರಿಲ್ಲದೆ ಅಷ್ಟೊಂದು ಕಲ್ಲುಗಳು ಕೈಗೆ ಸಿಕ್ಕಿರಲಾರವು.

ಜಪಾನಿನ ನಾರಾ ನಗರದಲ್ಲಿ ಇಂಥ ಒಬ್ಬರ ಹೆಸರು ಉಳಿದಿದೆ ಎಂದು ಓದಿ ಹೊಟ್ಟೆಕಿಚ್ಚಾಯಿತು. 710ರಿಂದ 784ರವರೆಗೆ ರಾಜಧಾನಿಯಾಗಿದ್ದ ಊರು ಅದು. ರಾಜಧಾನಿ ಬೇರೆ ಕಡೆಗೆ ಹೋದ ಮೇಲೆ ಅರಮನೆಯ ಜಾಗ ಭತ್ತದ ಗದ್ದೆಯಾಯಿತು. ತನಾದಾ ಕಾಜೂರೋ ಎಂಬ ತೋಟಗಾರ ನಾರಾದಲ್ಲಿ ಗಿಡ ನೆಡುವ ಕೆಲಸ ಮಾಡುತ್ತಿದ್ದಾಗ ಬಂದವರೆಲ್ಲ ಅವನನ್ನು ‘ಅರಮನೆ ಎಲ್ಲಿ?’ ಎಂದು ಕೇಳುತ್ತಿದ್ದರಂತೆ. ಹುಡುಕಿಕೊಂಡು ಹೋದರೆ ಸಿಂಹಾಸನ ಮಂಟಪವಿದ್ದ ದಿಬ್ಬದ ಮೇಲೆ ಸಗಣಿ ಬಿದ್ದಿತ್ತು. ಆ ನೋವಿನಲ್ಲಿ ಆ ಜಾಗವನ್ನು ಉಳಿಸಲು ಬಾಳನ್ನೇ ಸವೆಸಿ, ಮನನೊಂದು 1921ರಲ್ಲಿ ಪ್ರಾಣ ಬಿಟ್ಟ. ಮರುವರ್ಷ ಸರ್ಕಾರ ಅದನ್ನು ಐತಿಹಾಸಿಕ ತಾಣವೆಂದು ಘೋಷಿಸಿತು. ಸಗಣಿಯ ವಿಷಯದಲ್ಲಿ ಮಾತ್ರ ನಾನು ನಮ್ಮ ಯಜಮಾನರ ಪಕ್ಷ. ದನ ಮೇಯದಿದ್ದರೆ ಬಂದಳಿಕೆಯ ಕಲ್ಲುಗಳು ಲಂಟಾನದಡಿಯಲ್ಲಿ ಮುಚ್ಚಿಹೋಗುತ್ತಿದ್ದವು.

ಈಗ ತೋರಿಸುವವನು ಸ್ಮಾರಕದ ಕಾವಲು ಕೆಲಸದ ಹುಡುಗ. ಹುಡುಗ ಎಂದರೂ ಎರಡು ಮಕ್ಕಳ ತಂದೆ. ಮೊದಮೊದಲು ಬೋರ್ಡಿನಲ್ಲಿ ಬರೆದದ್ದನ್ನೇ ಒಪ್ಪಿಸುತ್ತಿದ್ದ. ನನ್ನ ಜೊತೆ ತಿರುಗಿ ಕತೆ ಕಲಿತ, ಆಮೇಲೆ ನನ್ನ ಕ್ರಮವನ್ನೇ ಬದಲಾಯಿಸಿದ. ನಾನು ರಾಜವಂಶಗಳಿಂದ ಶುರುಮಾಡಿದರೆ ಅವನು ಜಕ್ಕಿಯಬ್ಬೆಯಿಂದ. “ವಂಶ ಹೇಳಿದ್ರೆ ಮಕ್ಕಳು ಆಕಳಿಸ್ತಾವೆ ಸಾರ್.” ಈಗೀಗ ನಾನೂ ಅವನ ಹಿಂದೆ ನಡೆಯುತ್ತೇನೆ.

ಮೊನ್ನೆ ಆನವಟ್ಟಿ ಕಡೆಯ ಶಾಲೆಯ ಮಕ್ಕಳು ಬಂದಿದ್ದರು. ಜಕ್ಕಿಯಬ್ಬೆ ಅಧಿಕಾರಕ್ಕೆ ಬಂದಳು ಎನ್ನುವಲ್ಲಿಗೆ ಒಬ್ಬ ಹುಡುಗಿ ಕೈ ಎತ್ತಿದಳು.

“ಅವರಿಗೆ ಸಂಬಳ ಎಷ್ಟಿತ್ತು?”

“ಸಂಬಳ ಇಲ್ಲಮ್ಮ, ಭೂಮಿ ಬಿಡ್ತಿದ್ರು,” ಅಂದ ಅವನು, ನನ್ನ ಮುಖ ನೋಡುತ್ತ.

“ಗಂಡ ಇದ್ದಾಗ ಇದ್ದಷ್ಟೇ ಭೂಮಿನಾ, ಕಡಿಮೆನಾ?”

“ಅದನ್ನ ಮೇಷ್ಟ್ರು ಹೇಳ್ತಾರೆ,” ಎಂದು ಅವನು ನೀರು ಕುಡಿಯಲು ಹೋದ.