ನಕ್ಷತ್ರಗಳು ಬೀಸುವ ಗಾಳಿ

ಮಾಗಿಯ ರಾತ್ರಿಗಳಲ್ಲಿ ಒಂದೇ ಸಾಲಾಗಿ ನಿಂತು ಹೊಳೆಯುವ ಮೂರು ನಕ್ಷತ್ರಗಳನ್ನು ಯಾರು ತಾನೆ ಕಂಡಿಲ್ಲ? ಅವು ಮಹಾವ್ಯಾಧನ ನಡುಪಟ್ಟಿ. ಅದರ ಕೆಳಗೆ ಮಂಜಿನ ಚುಕ್ಕೆಯಂತೆ ತೋರುವುದು ಸುಮಾರು 1,350 ಜ್ಯೋತಿರ್ವರ್ಷ ದೂರದ ಮಹಾನೀಹಾರಿಕೆ, ನಕ್ಷತ್ರಗಳು ಹುಟ್ಟುವ ತೊಟ್ಟಿಲು. ಈ ತೊಟ್ಟಿಲನ್ನು ಚದುರಿಸುವವರು ಹೊರಗಿನವರಲ್ಲ. ಅದರಲ್ಲೇ ಹುಟ್ಟಿದ ಹಿರಿಯ ಮಕ್ಕಳು. ಇದನ್ನು ತಿಳಿಯಲು ಮನುಷ್ಯನಿಗೆ ಒಂದೂವರೆ ಶತಮಾನ ಹಿಡಿಯಿತು.

1867ರಲ್ಲಿ ಪ್ಯಾರಿಸ್ ವೀಕ್ಷಣಾಲಯದ ವುಲ್ಫ್ ಮತ್ತು ರಾಯೇ ಎಂಬ ಖಗೋಳಜ್ಞರು ರಾಜಹಂಸ ಪುಂಜದ ಮೂರು ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ವಾಡಿಕೆಯ ಕಪ್ಪು ಗೆರೆಗಳಿಗೆ ಬದಲಾಗಿ ಅಗಲವಾದ ಪ್ರಕಾಶದ ಪಟ್ಟಿಗಳು ಕಂಡವು. ಅರ್ಥ ಮಾತ್ರ ಹೊಳೆಯಲಿಲ್ಲ. 1929ರಲ್ಲಿ ಕೆನಡಾದ ಬೀಲ್ಸ್ ವಿವರಣೆ ಕೊಟ್ಟರು: ಈ ನಕ್ಷತ್ರಗಳಿಂದ ಅನಿಲವು ಎಲ್ಲ ದಿಕ್ಕಿಗೂ ಹಾರಿಹೋಗುತ್ತಿದೆ; ಆ ವೇಗವೇ ಪಟ್ಟಿಗಳನ್ನು ಹಿಗ್ಗಿಸಿದೆ.

ಇತರ ಬಿಸಿ ನಕ್ಷತ್ರಗಳ ಗುಟ್ಟು ಅತಿನೇರಿಳೆ ಕಿರಣಗಳಲ್ಲಿತ್ತು. ಅವನ್ನು ನಮ್ಮ ವಾಯುಮಂಡಲ ತಡೆಯುತ್ತದೆ. 1965ರಲ್ಲಿ ಪ್ರಿನ್ಸ್‌ಟನ್ನಿನ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ರಾಕೆಟ್ಟಿನಲ್ಲಿ ಉಪಕರಣವನ್ನು ಮೇಲಕ್ಕೆ ಕಳುಹಿಸಿದರು. ನಡುಪಟ್ಟಿಯ ಆ ಮೂರು ನಕ್ಷತ್ರಗಳಿಂದಲೇ ಅನಿಲವು ಸೆಕೆಂಡಿಗೆ 1,000 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹೊರಡುತ್ತಿತ್ತು! ನಕ್ಷತ್ರದ ಬೆಳಕೇ ಅದನ್ನು ನೂಕುತ್ತದೆ.

ಇಂಥ ಗಾಳಿ ಸುತ್ತಲಿನ ಮೋಡಕ್ಕೆ ಬಡಿದರೇನಾದೀತು? 1975ರಲ್ಲಿ ಕ್ಯಾಸ್ಟರ್, ಮೆಕ್‌ಕ್ರೇ, ವೀವರ್ ಲೆಕ್ಕಹಾಕಿದರು. ಡಿಕ್ಕಿಯಲ್ಲಿ ಗಾಳಿ ಲಕ್ಷಾಂತರ ಡಿಗ್ರಿ ಕಾಯುತ್ತದೆ. ಕಾದ ಅನಿಲ ಗುಳ್ಳೆಯಂತೆ ಉಬ್ಬಿ, ತಣ್ಣನೆಯ ಮೋಡವನ್ನು ಚಿಪ್ಪಿನಂತೆ ಮುಂದೆ ತಳ್ಳುತ್ತದೆ. ಗುಂಪಿನಲ್ಲಿ ಹಲವು ದೈತ್ಯರಿದ್ದರೆ ಗುಳ್ಳೆಗಳು ಕೂಡಿಕೊಂಡು ಮತ್ತೂ ಹಿರಿದಾಗುತ್ತವೆ.

ಮಹಾವ್ಯಾಧನ ನೀಹಾರಿಕೆಯ ಒಡಲಲ್ಲಿರುವ ಟ್ರಪೀಜಿಯಂ ಗುಂಪು ಇದಕ್ಕೆ ಸಾಕ್ಷಿ ನುಡಿಯಿತು. ಅಲ್ಲಿಯ ಹಿರಿಯಣ್ಣನ ತೂಕ ಸೂರ್ಯನ 30 ಪಟ್ಟಿಗೂ ಹೆಚ್ಚು. ಅವನ ಗಾಳಿ ಉಬ್ಬಿಸಿದ ಚಿಪ್ಪು ಸೆಕೆಂಡಿಗೆ 13 ಕಿಲೋಮೀಟರು ವೇಗದಲ್ಲಿ ಹಿಗ್ಗುತ್ತಿದೆಯೆಂದು, ವಿಮಾನದಲ್ಲಿ ಇರಿಸಿದ್ದ ಸೋಫಿಯಾ ದೂರದರ್ಶಕದ ಅಳತೆಗಳಿಂದ 2019ರಲ್ಲಿ ಪ್ರಕಟವಾಯಿತು. ಚಿಪ್ಪಿನೊಳಗೆ ಹೊಸ ನಕ್ಷತ್ರ ಕಟ್ಟಲು ಸಾಮಗ್ರಿ ಉಳಿಯುವುದಿಲ್ಲ.

ಇದು ಬರಿಯ ಕೇಡೆನ್ನಬೇಡಿ. ಮೋಡಗಳಲ್ಲಿ ನೂರಕ್ಕೆ ಕೆಲವೇ ಪಾಲು ನಕ್ಷತ್ರಗಳಾಗುತ್ತವೆ. ಮಿಕ್ಕದ್ದು ಚದುರಿ ಮುಂದಿನ ತಲೆಮಾರಿಗೆ ಉಳಿಯುತ್ತದೆ. ಎಲ್ಲವೂ ಮೊದಲೇ ಮುಗಿದುಹೋಗಿದ್ದರೆ, ತಡವಾಗಿ ಹುಟ್ಟಿದ ನಮ್ಮ ಸೂರ್ಯನಿಗೆ ಪಾಲೆಲ್ಲಿಂದ ಬರಬೇಕಿತ್ತು?